ಕಾಲಡಿಯ ಮಣೆ

"ಗುರುಗಳೇ, ಯಂತ್ರ ಬಂದರೆ ದುಡಿಯುವವರಲ್ಲಿ ಒಬ್ಬರು ಮೇಲೇರುತ್ತಾರೆ, ಒಬ್ಬರು ಕೆಳಗಿಳಿಯುತ್ತಾರೆ. ಇದು ಯಂತ್ರದ ಗುಣವೇ?" ಎಂದು ಶಿವಮಲ್ಲ ಕೇಳಿದ.

ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿಗೆ ಹೊಸದಾಗಿ ರುಬ್ಬುವ ಯಂತ್ರ ಬಂದಿತ್ತು. ರುಬ್ಬುತ್ತಿದ್ದ ಇಬ್ಬರಲ್ಲಿ ಒಬ್ಬಳಿಗೆ ಸಂಬಳ ಏರಿತ್ತು. ಇನ್ನೊಬ್ಬಳು ರಾಚಮ್ಮ, ಅರ್ಧ ಕೂಲಿಗೆ ಉಂಡ ಎಲೆ ಎತ್ತುತ್ತಿದ್ದಳು. ಅಂದು ಬೆಳಿಗ್ಗೆ ಅವಳು ಅವನ ಮುಂದೆ ಅತ್ತಿದ್ದಳು.

"ಅವಳಿಗೆ ಯಂತ್ರ ಒಗ್ಗುವುದಿಲ್ಲ. ನಾನೇನು ಮಾಡಲಿ?"

"ಒಗ್ಗುವುದಿಲ್ಲವೋ? ನೀನು ಹೇಳಿದ ಮೇಲೆ ಮುಗಿಯಿತು ಬಿಡಪ್ಪ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಕೇಳು."

ಒಬ್ಬ ಸಾಹುಕಾರನ ಮನೆಯಲ್ಲಿ ಇಬ್ಬರು ಹೆಂಗಸರು ಭತ್ತ ಕುಟ್ಟುತ್ತಿದ್ದರು. ದೇವೀರಮ್ಮ ಎತ್ತರದವಳು, ಚಿಕ್ಕತಾಯಿ ಗಿಡ್ಡಿ. ಒರಳು ಒಂದೇ, ಒನಕೆ ಎರಡು. ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು. ಒಬ್ಬಳು ಸೋತರೆ ಇನ್ನೊಬ್ಬಳೂ ನಿಲ್ಲಬೇಕು. ಅದಕ್ಕೇ ಕೂಲಿಯ ಅಕ್ಕಿಯನ್ನು ಒಂದೇ ಮೊರಕ್ಕೆ ಸುರಿದುಕೊಂಡು ಸಮವಾಗಿ ಹಂಚಿಕೊಳ್ಳುತ್ತಿದ್ದರು. ಯಾರು ಹೆಚ್ಚು ಕುಟ್ಟಿದರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಕೇಳಿದರೂ ಹೇಳುವವರು ಯಾರು?

ಸಾಹುಕಾರ ಅಕ್ಕಿ ಮಾಡುವ ಯಂತ್ರ ತಂದ. ಭತ್ತ ಸುರಿಯುವ ಬಾಯಿ ಎತ್ತರದಲ್ಲಿತ್ತು. ದೇವೀರಮ್ಮನ ಕೈ ಎಟುಕಿತು, ಚಿಕ್ಕತಾಯಿಯ ಕೈ ಎಟುಕಲಿಲ್ಲ. ಅಷ್ಟೇ ನೋಡು, ಇನ್ನೇನೂ ಇಲ್ಲ. ದೇವೀರಮ್ಮ ಯಂತ್ರದ ಮುಂದೆ ನಿಂತಳು, ಅವಳ ಕೂಲಿ ಇಮ್ಮಡಿಯಾಯಿತು. ಚಿಕ್ಕತಾಯಿಗೆ ಹೊಟ್ಟು ಗುಡಿಸುವ ಕೆಲಸ ಬಂತು, ಕೂಲಿ ಅರ್ಧಕ್ಕಿಳಿಯಿತು. ಅವಳ ಮಕ್ಕಳಿಗೆ ರಾತ್ರಿಯ ಊಟ ನಿಂತಿತು. ಪಾಪ, ಯಾರಿಗೆ ಹೇಳಿಕೊಂಡಾಳು?

ದೇವೀರಮ್ಮ ಕೆಟ್ಟವಳಲ್ಲ. ಮೊದಮೊದಲು ಗೆಳತಿಯ ಮುಖ ನೋಡಲಾರದೆ ಸಂಕಟಪಟ್ಟಳು. ಊರವರು ಜಾಣೆ ಎಂದರು. ಕೇಳಿ ಕೇಳಿ ಅವಳಿಗೂ ಹೌದೆನಿಸಿತು.

ಒಂದು ದಿನ ಚಿಕ್ಕತಾಯಿ ಬಾಯಿಬಿಟ್ಟು ಕೇಳಿದಳು. "ಅಕ್ಕಾ, ಅರ್ಧ ದಿನ ನೀನು ನಿಲ್ಲು, ಅರ್ಧ ದಿನ ನಾನು ನಿಲ್ಲುತ್ತೀನಿ. ಬಂದದ್ದನ್ನ ಮೊದಲಿನ ಹಾಗೆ ಹಂಚಿಕೊಳ್ಳೋಣ. ಮಕ್ಕಳು ಹಸಿದು ಮಲಗುತ್ತವೆ ಕಣಕ್ಕಾ."

"ಅಯ್ಯೋ, ಇದು ಎಲ್ಲರ ಕೈಲಾಗೋ ಕೆಲಸ ಅಲ್ಲ ಕಣೇ. ಇದಕ್ಕೆ ತಲೆ ಬೇಕು," ಎಂದಳು ದೇವೀರಮ್ಮ. ಪಕ್ಕದಲ್ಲಿದ್ದ ಸಾಹುಕಾರನೂ ಹೌದೌದು ಎಂದ.

ಚಿಕ್ಕತಾಯಿ ಯಂತ್ರದ ಬಾಯಿಯನ್ನು ನೋಡಿದಳು. ತನ್ನ ಕಾಲನ್ನು ನೋಡಿಕೊಂಡಳು.

"ತಲೆ ಇದೆ ಅಕ್ಕಾ. ಕಾಲಡಿಗೆ ಒಂದು ಮಣೆ ಇಲ್ಲ," ಎಂದಳು. ಪೊರಕೆ ಎತ್ತಿಕೊಂಡು ಹೊಟ್ಟಿನ ಕಡೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿವಮಲ್ಲನಿಗೆ ಸಿಟ್ಟು ನೆತ್ತಿಗೇರಿತ್ತು.

"ಛೆ! ಎಂಥ ಮನುಷ್ಯ ಅವನು! ಒಂದು ಮಣೆ ಹಾಕಿಕೊಡುವುದಕ್ಕೆ ಆ ಸಾಹುಕಾರನಿಗೆ ಏನು ಧಾಡಿಯಾಗಿತ್ತು?"

"ನಮ್ಮ ದಾಸೋಹದ ಮನೆಯಲ್ಲಿ ಮಣೆಗಳು ಎಷ್ಟಿವೆಯಪ್ಪ?" ಎಂದು ಗುರುಗಳು ಕೇಳಿದರು.

ಶಿವಮಲ್ಲ ಎದ್ದು, ರಾಚಮ್ಮನನ್ನು ಕರೆಯಲು ಅಡುಗೆಮನೆಯ ಕಡೆಗೆ ನಡೆದ.