ನಿಂತ ಕಾಲಿನ ಅಳತೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಬೆಳಿಗ್ಗೆ ಪ್ರಾರ್ಥನೆ, ಪ್ರಾರ್ಥನೆಯ ನಂತರ ಚಪ್ಪಲಿ ಹೊಲಿಗೆ. ಬೇರೆ ಪಾಠವಿರಲಿಲ್ಲ.

ಕಲಿಸುತ್ತಿದ್ದವಳು ಸಾಂಬವ್ವ. ಎಲ್ಲರೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಅವಳು ಯಾರನ್ನೂ ಹೊಗಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಸರಿಯಿಲ್ಲದ ಚಪ್ಪಲಿಯನ್ನು ಹೊಲಿದವರ ಮುಂದೆ ಬೋರಲು ಹಾಕಿ ಮುಂದೆ ಹೋಗುತ್ತಿದ್ದಳು.

ಆಶ್ರಮದ ನಿಯಮ ಒಂದೇ. ಚಪ್ಪಲಿಯ ಅಟ್ಟೆಯ ಮೇಲೆ ಹೊಲಿದವರ ಮುದ್ರೆ ಬೀಳಬೇಕಾದರೆ ಅವ್ವನ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಅಟ್ಟೆ ಬೋಳು.

ದಾನಮ್ಮ ಏಳು ವರ್ಷದಿಂದ ಬೋಳು ಅಟ್ಟೆಯ ಚಪ್ಪಲಿ ಹೊಲಿಯುತ್ತಿದ್ದಳು. ಅವಳ ನಂತರ ಬಂದ ಇಬ್ಬರಿಗೆ ಮುದ್ರೆ ಸಿಕ್ಕಿತ್ತು. ಒಬ್ಬಳದು ಮೀನು, ಇನ್ನೊಬ್ಬನದು ಅರಳಿ ಎಲೆ. ದಾನಮ್ಮ ತನ್ನದು ಜೋಳದ ತೆನೆಯೆಂದು ನಿಶ್ಚಯಿಸಿ, ಕಮ್ಮಾರನಿಂದ ಕಬ್ಬಿಣದ ಅಚ್ಚು ಮಾಡಿಸಿ, ಬಟ್ಟೆಯಲ್ಲಿ ಸುತ್ತಿಟ್ಟು ನಾಲ್ಕು ವರ್ಷವಾಗಿತ್ತು.

ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗೆರೆ ಕೊಟ್ಟರೆ ಗೆರೆಯ ಮೇಲೆಯೇ ತೊಗಲು ಕೊಯ್ಯುತ್ತಿದ್ದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಶ್ರಮದ ಆನ್‌ಲೈನ್ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಅಂಗಡಿಯಲ್ಲಿ ಸಿದ್ಧ ಚಪ್ಪಲಿಗಳು ಮಾತ್ರ: ಆರನೆಯ ನಂಬರು, ಏಳನೆಯದು, ಎಂಟನೆಯದು. ಅಳತೆ ಕೊಟ್ಟು ಮಾಡಿಸುವವರು ಆಶ್ರಮಕ್ಕೇ ಬರಬೇಕಿತ್ತು.

ಬಂದವರನ್ನು ಅವ್ವ ಅಂಗಳದಲ್ಲಿ ಕಾಗದದ ಮೇಲೆ ನಿಲ್ಲಿಸಿ, ತಲೆಯ ಮೇಲೊಂದು ತುಂಬಿದ ಕೊಡ ಹೊರಿಸಿ, ತಾನೇ ಕುಕ್ಕರುಗಾಲಿನಲ್ಲಿ ಕುಳಿತು ಪಾದದ ಗೆರೆ ಬರೆಯುತ್ತಿದ್ದಳು. ಒಮ್ಮೆ ತಹಸೀಲ್ದಾರರೂ ಕೊಡ ಹೊತ್ತಿದ್ದರು. ತುಂಬಿದ ಕೊಡ ಶುಭ, ಹೊಸ ಚಪ್ಪಲಿಗೆ ಅದು ಮಂಗಳ ಎಂದು ದಾನಮ್ಮ ತಿಳಿದಿದ್ದಳು. ಯಾಕೆ ಎಂದು ಅವಳು ಕೇಳಿರಲಿಲ್ಲ.

ಒಂದು ದಿನ ದಾನಮ್ಮ ಹೇಳಿದಳು: “ಅವ್ವ, ಸಿದ್ಧ ಚಪ್ಪಲಿ ಮಾರೋದು ಬಂದ್ ಮಾಡೋಣು.”

“ಯಾಕ?”

“ಅದರಾಗ ಏನೈತಿ? ಯಾರು ಹಾಕ್ಕೋತಾರೋ ಗೊತ್ತಿಲ್ಲ, ಹೊಲಿಯೋದು. ಅಂಥಾವು ಸಂತ್ಯಾಗೂ ಸಿಗತಾವ. ಒಬ್ಬರ ಹೆಸರಿಗೆ ಒಂದು ಜೋಡು, ಅದು ಕೆಲಸ. ಫೋನಿನಾಗ ಅಳತಿ ತರಿಸಿಕೊಂಡು ಹೊಲಿಯೋಣು.”

“ಸಿದ್ಧ ಚಪ್ಪಲಿ ಎಷ್ಟು ವಾಪಸ್ ಬಂದಾವು?”

ದಾನಮ್ಮ ಫೋನು ನೋಡಿದಳು. “ಒಂದೂ ಇಲ್ಲ.”

“ಹೂಂ,” ಎಂದಳು ಅವ್ವ. “ಅಳತಿ ಹ್ಯಾಂಗ ತರಿಸ್ತೀ?”

ದಾನಮ್ಮ ಬರೆದಿಟ್ಟುಕೊಂಡಿದ್ದನ್ನು ಓದಿದಳು. “ನೆಲದ ಮೇಲೆ ಬಿಳಿ ಕಾಗದವನ್ನು ಹಾಸಿ. ಕುರ್ಚಿಯಲ್ಲಿ ಆರಾಮಾಗಿ ಕುಳಿತು, ಪಾದವನ್ನು ಕಾಗದದ ಮೇಲಿಟ್ಟು, ಸುತ್ತಲೂ ಗೆರೆ ಎಳೆಯಿರಿ. ಫೋಟೊ ತೆಗೆದು ಕಳುಹಿಸಿ.”

“ಕೊಡ?”

“ಆ ಶಾಸ್ತ್ರ ಬಿಟ್ಟೀನಿ ಅವ್ವ. ಸಿಟಿ ಮಂದಿ ನಗತಾರ.”

ಅವ್ವ ಸೂಜಿಗೆ ದಾರ ಪೋಣಿಸಿದಳು. ಗಂಟು ಹಾಕಿದಳು. ಆಮೇಲೆ ಹೇಳಿದಳು: “ಆತು. ಸಿದ್ಧ ಚಪ್ಪಲಿ ಬಂದ್ ಮಾಡು. ಅಳತೀದು ಒಂದು ಜೋಡು ಹೊಲಿದು ಕಳಸು. ತಿಂಗಳದೊಳಗ ಅದು ತಿರುಗಿ ಬರಲಿಲ್ಲಂದ್ರ ನಿನ್ನ ಮುದ್ರಿ ಹೊಡಕೋ.”

ದಾನಮ್ಮ ಆ ದಿನವೇ ಪೆಟ್ಟಿಗೆಯಿಂದ ಅಚ್ಚನ್ನು ತೆಗೆದು ಎಣ್ಣೆ ಸವರಿದಳು.

ಮೊದಲ ಆರ್ಡರು ಕಳುಹಿಸಿದವಳು ಲವೀನಾ. ಕರಾವಳಿಯ ಕಡೆಯವಳು, ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸು. ಅವಳು ಕಳಿಸಿದ ಗೆರೆ ಸ್ಪಷ್ಟವಾಗಿತ್ತು. ದಾನಮ್ಮ ಗೆರೆಯ ಮೇಲೆಯೇ ಕೊಯ್ದು ಹೊಲಿದು ಕಳಿಸಿದಳು.

ಹನ್ನೊಂದನೆಯ ದಿನ ಪಾರ್ಸೆಲ್ಲು ತಿರುಗಿ ಬಂತು. ಒಳಗೊಂದು ಚೀಟಿ: “ಕೆಲಸ ಬಹಳ ಚಂದ. ಬೆಳಿಗ್ಗೆ ಸರಿಯಾಗಿತ್ತು. ಮಧ್ಯಾಹ್ನಕ್ಕೆ ಕಚ್ಚಿತು.”

ದಾನಮ್ಮ ಗೆರೆಯ ಕಾಗದವನ್ನೂ ಚಪ್ಪಲಿಯನ್ನೂ ಅವ್ವನ ಮುಂದೆ ಒಂದರ ಮೇಲೊಂದು ಇಟ್ಟಳು. “ನೋಡ ಬೇ ನೀನ. ಎಲ್ಲೆರ ತಪ್ಪೈತೇನು? ಚಪ್ಪಲಿ ಸರಿ ಐತಿ. ಅಕಿ ಕಾಲ ಸರಿ ಇಲ್ಲ.”

“ಹಂಗಾದ್ರ ಚಪ್ಪಲಿ ಯಾಕ ಕಳಿಸ್ಯಾಳ?” ಎಂದಳು ಅವ್ವ. “ಕಾಲ ಕಳಸು ಅನ್ನು. ರಿಪೇರಿ ಮಾಡಿ ಕೊಡೋಣು.”

ಮೀನಿನ ಮುದ್ರೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ಚಪ್ಪಲಿಯನ್ನು ಬೋರಲು ಹಾಕಿ ಎದ್ದುಹೋದಳು.

ದಾನಮ್ಮ ಎರಡನೆಯ ಜೋಡು ಹೊಲಿದಳು. ಈ ಸಲ ಗೆರೆಯ ಸುತ್ತ ಒಂದು ನೂಲಿನಷ್ಟು ಹೆಚ್ಚು ಬಿಟ್ಟಳು.

ಅದೂ ತಿರುಗಿ ಬಂತು. ಚೀಟಿ ಮೊದಲಿನದಕ್ಕಿಂತ ಚಿಕ್ಕದು: “ಈಗ ಬೆಳಿಗ್ಗೆ ಹಿಮ್ಮಡಿ ಜಾರುತ್ತದೆ, ಮಧ್ಯಾಹ್ನ ಬೆರಳು ಕಚ್ಚುತ್ತದೆ. ನಿಮಗೆ ಇನ್ನು ತೊಂದರೆ ಬೇಡ. ಮೊದಲು ನಿಮ್ಮ ಅಂಗಡಿಯಲ್ಲಿ ಸಿದ್ಧ ಚಪ್ಪಲಿ ಇದ್ದವಂತೆ. ಏಳನೆಯ ನಂಬರು ಒಂದು ಜೋಡು ಕಳಿಸಿದರೆ ಸಾಕು.”

ದಾನಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಅವ್ವನಿಗೆ ಓದಿ ಹೇಳಿದಳು.

“ನನ್ನ ಕೈ ಸರಿ ಇಲ್ಲೇನವ್ವ?”

“ಕೈ ಸರಿ ಐತಿ.”

“ಹಂಗಾದ್ರ?”

“ಬಾ,” ಎಂದಳು ಅವ್ವ.

ಅಂಗಳದ ಮೂಲೆಯಲ್ಲಿ ಒಂದು ಕೋಣೆ. ಅದರ ಗೋಡೆಗೆ ಮರದ ಪಾದಗಳನ್ನು ಸಾಲಾಗಿ ತೂಗುಹಾಕಿದ್ದರು. ಸಿದ್ಧ ಚಪ್ಪಲಿ ಹೊಲಿಯುವವರು ಇವುಗಳ ಮೇಲೆಯೇ ತೊಗಲು ಬಿಗಿಯುತ್ತಾರೆ. ದಾನಮ್ಮ ದಿನವೂ ಮುಟ್ಟಿದ ಮರ. ಅವಳಿಗೆ ಅದು ಆರು, ಏಳು, ಎಂಟು.

ಅವ್ವ ಏಳನೆಯದನ್ನು ಇಳಿಸಿ ಅವಳ ಕೈಗೆ ಕೊಟ್ಟಳು. “ಯಾರದಿದು?”

“ಯಾರದು ಅಂದ್ರ? ಏಳ್ನೇ ನಂಬರ.”

“ರುಕ್ಮವ್ವಂದು. ಹೊಳಿಯಿಂದ ಊರಿಗೆ ನೀರು ಹೊರತಿದ್ಲು. ಚಪ್ಪಲಿ ಬೇಕಂತ ಬಂದಿದ್ಲು, ನಮ್ಮ ಗುರು ಅಳತಿ ತಗೊಂಡು ಈ ಮರ ಕೆತ್ತಿದ್ರು.” ಎಂಟನೆಯದರ ಕಡೆ ಕೈ ಮಾಡಿದಳು. “ಅದು ದೋಣಿ ಹುಸೇನಿದು. ಆರನೇದು ಶಾವಿಗಿ ಹೊಸಿಯೋ ಕಾಶಿಬಾಯಿದು.”

ದಾನಮ್ಮ ಮರದ ಪಾದವನ್ನು ತಿರುಗಿಸಿ ನೋಡಿದಳು. ಬೆರಳ ಬುಡದಲ್ಲಿ ಅದು ಹರಡಿಕೊಂಡಿತ್ತು. ಏಳು ವರ್ಷ ಅದರ ಮೇಲೆ ತೊಗಲು ಬಿಗಿದಿದ್ದಳು. ಹರಡಿಕೊಂಡಿದ್ದು ಕಂಡಿರಲಿಲ್ಲ.

“ರುಕ್ಮವ್ವ ಈಗ?”

“ಸತ್ತು ಮೂವತ್ತು ವರ್ಷಾತು. ಕಾಲ ಇನ್ನೂ ನಡದೈತಿ.”

ಹೊರಗೆ ಬಂದ ಮೇಲೆ ಅವ್ವ ಅಂಗಳದಲ್ಲಿ ಕಾಗದ ಹಾಸಿದಳು. ದಾನಮ್ಮನನ್ನು ಮಣೆಯ ಮೇಲೆ ಕೂರಿಸಿ, ಅವಳ ಪಾದವನ್ನು ಕಾಗದದ ಮೇಲಿಟ್ಟು ಸೀಸದಕಡ್ಡಿಯಿಂದ ಗೆರೆ ಬರೆದಳು.

“ಈಗ ಎದ್ದು ನಿಲ್ಲು.”

ದಾನಮ್ಮ ಪಾದ ಕದಲಿಸದೆ ಎದ್ದು ನಿಂತಳು. ಅವ್ವ ತುಂಬಿದ ಕೊಡವನ್ನು ತಂದು ಅವಳ ತಲೆಯ ಮೇಲಿಟ್ಟಳು. ಕೆಳಗೆ ಕುಳಿತು ಕೆಂಪು ಕಡ್ಡಿಯಿಂದ ಮತ್ತೆ ಬರೆದಳು.

ಕೊಡ ಇಳಿಸಿ ದಾನಮ್ಮ ಕಾಗದ ನೋಡಿದಳು. ಹಿಮ್ಮಡಿಯಲ್ಲಿ ಕಪ್ಪು ಕೆಂಪು ಎರಡೂ ಒಂದೇ ಗೆರೆ. ಬೆರಳುಗಳ ಕಡೆ ಕೆಂಪು ಗೆರೆ ಕಪ್ಪನ್ನು ದಾಟಿ ಹೋಗಿತ್ತು.

“ಇದರಾಗ ನಿನ್ನ ಕಾಲ ಯಾವುದು?” ಎಂದಳು ಅವ್ವ.

ದಾನಮ್ಮ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. ಒಳಗೆ ಹೋಗಿ ಲವೀನಾಗೆ ಫೋನು ಮಾಡಿದಳು.

“ಅಳತಿ ಹ್ಯಾಂಗ ಬರದ್ರಿ, ಅಕ್ಕಾರ?”

“ಕುರ್ಚಿಯಲ್ಲಿ ಆರಾಮ ಕೂತು ಮಾರಾಯ್ರೆ! ನೀವೇ ಹಾಗೆ ಹೇಳಿದ್ದಲ್ವಾ?”

“ತಪ್ಪು ನಂದು. ಇನ್ನೊಂದು ಸಲ ಬರೀರಿ. ಮಧ್ಯಾಹ್ನ, ನಿಂತು.”

“ನಿಂತು ಬಗ್ಗಿದ್ರೆ ನನ್ನ ಹೊಟ್ಟೆ ಕಾಣ್ತದೆ, ಕಾಲು ಕಾಣುದಿಲ್ಲ.”

“ಬಗ್ಗಬ್ಯಾಡ್ರಿ. ಬ್ಯಾರೇದವರ ಕೈಲೆ ಬರಸ್ರಿ. ತಲಿ ಮ್ಯಾಲೊಂದು ತುಂಬಿದ ಕೊಡ ಇಟಗೋರಿ.”

“ಕೊಡವಾ? ವಾರ್ಡಿನಲ್ಲಿ ಕೊಡ ಹೊತ್ತು ನಿಂತ್ರೆ ನನ್ನನ್ನೇ ಅಡ್ಮಿಟ್ ಮಾಡ್ತಾರೆ.”

“ದಿನಾ ಏನು ಎತ್ತತೀರಿ ನೀವು?”

ಆ ಕಡೆ ನಗು ನಿಂತಿತು.

“ಪೇಶೆಂಟುಗಳನ್ನು,” ಎಂದಳು ಲವೀನಾ.

“ಹಂಗಾದ್ರ ಎತ್ತೋವಾಗ ಬರಸ್ರಿ.”

ನಾಲ್ಕು ದಿನದ ನಂತರ ಫೋಟೊ ಬಂತು. ಗೆರೆ ಅಂಕುಡೊಂಕು. ಕಾಗದದ ಮೂಲೆಯಲ್ಲಿ ಔಷಧದ ಕಲೆ. ಬರೆದವಳು ವಾರ್ಡಿನ ಆಯಾ ಕುಸುಮಕ್ಕ ಎಂದೂ, ಎತ್ತಿದ್ದು ಮೂರನೆಯ ಮಂಚದ ಅಜ್ಜನನ್ನು ಎಂದೂ ಲವೀನಾ ಬರೆದಿದ್ದಳು. ಅಜ್ಜ ತನಗೂ ಒಂದು ಜೋಡು ಬೇಕು, ಆದರೆ ನಡೆಯಲು ಬಂದ ಮೇಲೆ, ಎಂದಿದ್ದನಂತೆ.

ಮೊದಲಿನ ದಾನಮ್ಮನಾಗಿದ್ದರೆ ಅಂಥ ಗೆರೆಯನ್ನು ತಿರುಗಿ ಕಳಿಸುತ್ತಿದ್ದಳು. ಈಗ ಅದನ್ನು ಎದುರಿಗಿಟ್ಟುಕೊಂಡು ಒಂದು ಬೆಳಗು ಪೂರ್ತಿ ಸುಮ್ಮನೆ ನೋಡಿದಳು. ಆಮೇಲೆ ತೊಗಲು ಮುಟ್ಟಿದಳು.

ಮೂರನೆಯ ಜೋಡೂ ಬೋಳು ಅಟ್ಟೆಯಲ್ಲಿಯೇ ಹೋಯಿತು.

ಹತ್ತು ದಿನ ಕಳೆಯಿತು. ಇಪ್ಪತ್ತಾಯಿತು. ದಾನಮ್ಮ ಊಟದ ನಡುವೆಯೂ ಎಡಗೈಯಲ್ಲಿ ಫೋನು ನೋಡತೊಡಗಿದಳು.

“ಏನಾತು?” ಎಂದಳು ಅವ್ವ.

“ಒಂದು ಮಾತೂ ಬಂದಿಲ್ಲ. ಚಲೋ ಐತಿ ಅಂತೂ ಇಲ್ಲ, ಕೆಟ್ಟೈತಿ ಅಂತೂ ಇಲ್ಲ. ಮರತಾಳೋ ಏನೋ.”

“ಕಚ್ಚದ ಚಪ್ಪಲಿ ಯಾರಿಗೆ ನೆನಪಿರತೈತಿ?” ಎಂದಳು ಅವ್ವ. “ಉಣ್ಣು.”

ತಿಂಗಳು ತುಂಬಿತು. ಚಪ್ಪಲಿ ತಿರುಗಿ ಬರಲಿಲ್ಲ. ಮಾರನೆಯ ದಿನ ಲವೀನಾಳ ಸಂದೇಶ ಬಂತು.

“ಕುಸುಮಕ್ಕನಿಗೂ ಒಂದು ಜೋಡು ಬೇಕು. ಅಳತೆ ಬೇರೆ ಬೇಡ. ನಾನು ಬಾಗಿಲಲ್ಲಿ ಬಿಟ್ಟಿದ್ದನ್ನು ಮೆಟ್ಟಿಕೊಂಡು ಮೂರು ವಾರ್ಡು ಸುತ್ತಿ ಬಂದಳು. ಕೇಳಿದರೆ, ‘ಓ, ಇದು ನಿಮ್ಮದಾ?’ ಎನ್ನುತ್ತಾಳೆ. ನನ್ನದರ ಹಾಗೆಯೇ ಕಳಿಸಿ.”

ದಾನಮ್ಮ ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಎರಡು ದಿನ ಕೂತು ಮರ ಕೆತ್ತಿದಳು. ಮೂರನೆಯ ದಿನ ಮೂಲೆಯ ಕೋಣೆಯಲ್ಲಿ, ರುಕ್ಮವ್ವ ಹುಸೇನಿ ಕಾಶಿಬಾಯಿಯರ ಸಾಲಿನ ಕೊನೆಗೆ, ಹೊಸದೊಂದು ಮರದ ಪಾದ ತೂಗುತ್ತಿತ್ತು. ಸಂಜೆಗೆ ಅಂಗಡಿಯಲ್ಲಿ ಸಿದ್ಧ ಚಪ್ಪಲಿಯ ಭಾಗ ಮತ್ತೆ ತೆರೆಯಿತು.

ಅವ್ವ ಕೋಣೆಗೆ ಹೋಗಿ ಆ ಪಾದವನ್ನು ಇಳಿಸಿದಳು. ಬೆರಳ ಬುಡದ ಮೇಲೆ ಹೆಬ್ಬೆರಳಾಡಿಸಿದಳು. ಮತ್ತೆ ಇದ್ದಲ್ಲಿಯೇ ತೂಗುಹಾಕಿದಳು.

“ಇದು ಯಾರದು?”

“ನರ್ಸ್ ಬಾಯಿದು, ಅವ್ವ.”

ಅವ್ವ ತಲೆಯಾಡಿಸಿದಳು.

ಕುಸುಮಕ್ಕನ ಜೋಡು ಸಿದ್ಧವಾದ ದಿನ ದಾನಮ್ಮ ಬಟ್ಟೆ ಬಿಚ್ಚಿ ಅಚ್ಚನ್ನು ಹೊರತೆಗೆದಳು. ಒಂದು ಕೈಯಲ್ಲಿ ಅಚ್ಚು, ಇನ್ನೊಂದರಲ್ಲಿ ಸುತ್ತಿಗೆ. ಅವ್ವನ ಮುಂದೆ ಕುಳಿತು ಅಟ್ಟೆಯನ್ನು ಮಣೆಯ ಮೇಲಿಟ್ಟಳು.

“ಎಲ್ಲಿ ಹೊಡೀಲಿ?”

“ಹಿಮ್ಮಡಿ ಊರೋ ಜಾಗದಾಗ.”

ದಾನಮ್ಮನ ಕೈ ತಡೆಯಿತು. “ಅಲ್ಲಿ ಹೊಡದ್ರ ಮೂರು ತಿಂಗಳದಾಗ ಸವದು ಹೋಗತೈತಲ್ಲ ಅವ್ವ!”

“ಹೂಂ,” ಎಂದಳು ಅವ್ವ. “ಅಲ್ಲೀತನಾ ಅಷ್ಟ ಅದು ನಿನ್ನ ಚಪ್ಪಲಿ.”