ಬಾಗಿಲಯ್ಯನ ಮೀಸೆಯ ತೂಕ

ಒಂದು ಬ್ಯಾಕ್ಟೀರಿಯಾದ ಗೋಡೆಯಲ್ಲಿ ಬಾಗಿಲಯ್ಯನೆಂಬ ಪ್ರೋಟೀನು ಕಾವಲಿಗಿದ್ದ. ಒಳಗೆ ನುಗ್ಗಿದ ಔಷಧಿಯನ್ನು ಕತ್ತು ಹಿಡಿದು ಹೊರದಬ್ಬುವುದೇ ಅವನ ಕೆಲಸ. ನಾನು ಕಣ್ಣಾರೆ ಕಂಡದ್ದು ಇದು, ಅದೂ ಕನ್ನಡಕವಿಲ್ಲದೆ.

ಒಂದು ದಿನ ವಿಜ್ಞಾನಿಗಳು ಅವನನ್ನು ಗೋಡೆಯಿಂದ ಕಿತ್ತು, ಸೋಪಿನ ನೊರೆಯಲ್ಲಿ ಸುತ್ತಿ, ಅಣುಗಳನ್ನು ಹಾರಿಸಿ ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಮುಂದೆ ತಂದರು.

"ಒಂದೇ ಒಂದು ಔಷಧಿಯೂ ನನ್ನೆದುರು ನಿಂತದ್ದಿಲ್ಲ. ಸುಳ್ಳಾದರೆ ಮೀಸೆ ಬೋಳಿಸುತ್ತೇನೆ!" ಎಂದ ಬಾಗಿಲಯ್ಯ.

"ಮಾತು ಸಾಕು, ಹಾರಯ್ಯ," ಎಂದಿತು ಯಂತ್ರ. ಅವನು ಹಾರಿದ. "ಇದೇನು, ಇರಬೇಕಾದ್ದಕ್ಕಿಂತ ಹೆಚ್ಚು ತೂಗುತ್ತೀಯಲ್ಲ!"

"ಅದು ಸೋಪಿನ ನೊರೆ, ತಾಯಿ."

ಯಂತ್ರ ನೊರೆಯನ್ನೆಲ್ಲ ಕೊಡವಿತು. "ಈಗಲೂ ಹೆಚ್ಚು."

"ಗೋಡೆಯ ಜಿಡ್ಡು ಅಂಟಿರಬೇಕು. ಹಳೇ ಮನೆಯ ಋಣ ನೋಡಿ."

"ಜಿಡ್ಡಿನ ತೂಕ ನನಗೆ ಗೊತ್ತು. ಅದನ್ನೂ ಕಳೆದೆ. ಉಳಿದದ್ದು ಸರಿಯಾಗಿ ಒಂದು ಔಷಧಿಯ ತೂಕ."

ಬಾಗಿಲಯ್ಯ ಬೆವರಿದ. "ಹಾಗಾದರೆ... ಅದು ನನ್ನ ಮೀಸೆ! ಇಂಥಾ ಮೀಸೆಗೆ ತೂಕವಿರುವುದಿಲ್ಲವೇ?"

"ಸರಿ, ಅದನ್ನು ತೆಗೆದೇ ತೂಗೋಣ."

ಮೀಸೆಯ ಮಾನ ಉಳಿಸಿಕೊಳ್ಳಲು ಬಾಗಿಲಯ್ಯ ಮೀಸೆಯನ್ನೇ ಬೋಳಿಸಿ ಮತ್ತೆ ಹಾರಿದ. ತೂಕ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಆಗ ಅವನ ಗಂಟಲಲ್ಲಿ ಸಿಕ್ಕಿಕೊಂಡು ಕೂತಿದ್ದ ಔಷಧಿ ಕೇಳಿತು: "ಮೀಸೆ ಹೋಯಿತೇ ಮಾವ? ಇನ್ನಾದರೂ ಬಾಯಿ ಮುಚ್ಚಿ, ಒಳಗೆ ಚಳಿಯಾಗುತ್ತಿದೆ."