ಕೊಂಬಣ್ಣ ಕೊಟ್ಟ ಅವಕಾಶ

ಹತ್ತಿರ ಬಂದು ಕೂತು ಕೇಳ್ರಪ್ಪಾ. ಒಂದು ರಾಜ್ಯದಲ್ಲಿ ನೊಗಪ್ಪ ಅನ್ನೋ ಎತ್ತು ದೊರೆಯಾಗಿದ್ದ. ಮೆಲುಕು ಹಾಕುತ್ತಾ ತೂಕಡಿಸುವುದೇ ಅವನ ರಾಜ್ಯಭಾರ. ಅಲ್ಲಿನ ಆಡು-ಕುರಿಗಳಿಗೂ ಆಚೆ ದಿನ್ನೆಯ ಕತ್ತೆಗಳಿಗೂ ವರ್ಷಕ್ಕೊಮ್ಮೆ ಕಾಲ್ಚೆಂಡಿನ ಪಂದ್ಯ. ಮೂರು ವರ್ಷ ಬಿಡದೆ ಸೋತವರು ಕೆರೆಯಂಚಿನ ಹಸಿರು ಹುಲ್ಲನ್ನು ಬಿಟ್ಟುಕೊಡಬೇಕು. ಸೂರ್ಯ ಗುಡ್ಡ ಮುಟ್ಟಿದರೆ ಆಟ ಮುಗಿಯಿತು.

ಆಡು-ಕುರಿಗಳ ನಾಯಕ ಕೊಂಬಣ್ಣ ಅನ್ನೋ ಮುದಿ ಟಗರು. ಮಹಾ ಅನುಭವಸ್ಥ. ಅನುಭವದ ಭಾರಕ್ಕೆ ಪಾಪ, ಓಡಲಿಕ್ಕೇ ಆಗುತ್ತಿರಲಿಲ್ಲ.

ಚುರುಕಿ ಅನ್ನೋ ಹೊಸ ಮೇಕೆ ಕೇಳಿದಳು: "ಅಣ್ಣಾ, ನಮ್ಮನ್ನ ಯಾವಾಗ ಆಡಿಸ್ತೀರಿ?"

"ಅನುಭವ ಬಂದ ಮೇಲೆ."

"ಅನುಭವ ಯಾವಾಗ ಬರ್ತದೆ?"

"ಆಡಿದ ಮೇಲೆ. ಇಷ್ಟೂ ಗೊತ್ತಿಲ್ವಾ ನಿಂಗೆ?"

ಮೊದಲ ವರ್ಷ ಕತ್ತೆಗಳು ಗೋಲಿನ ಮೇಲೆ ಗೋಲು ಹೊಡೆದವು. ಸೂರ್ಯ ಗುಡ್ಡ ಮುಟ್ಟುವ ಹೊತ್ತಿಗೆ ಕೊಂಬಣ್ಣನಿಗೆ ಕರುಣೆ ಉಕ್ಕಿತು. "ಹೊಸಬರೇ ಇಳೀರಿ, ಅವಕಾಶ ಕೊಟ್ಟಿದೀನಿ" ಅಂದು ಹಳಬರ ಜೊತೆ ಹೊರಗೆ ಬಂದ. ಹೊಸಬರ ಕಾಲಿಗೆ ಚೆಂಡು ತಾಗುವ ಮೊದಲೇ ಕಹಳೆ ಮೊಳಗಿತು.

"ದೊರೆಯೇ, ಕೊನೆಗೆ ಯಾರು ಮೈದಾನದಲ್ಲಿ ಇದ್ದರೋ ಸೋಲು ಅವರದು" ಅಂದ ಕೊಂಬಣ್ಣ. ನಿದ್ದೆಗಣ್ಣಲ್ಲಿ ನೊಗಪ್ಪ ತಲೆಯಾಡಿಸಿದ. ಎರಡನೇ ವರ್ಷವೂ ಅದೇ ಸೋಲು, ಅದೇ ಕರುಣೆ, ಅದೇ ಕಹಳೆ. ಬೈಗುಳ ತಿಂದವರು ಹೊಸಬರು.

ಮೂರನೇ ವರ್ಷ ಬಂತು. ಸೋತರೆ ಮರಿಗಳಿಗೆ ಮೇವಿಲ್ಲ. ಚುರುಕಿ ದೊರೆಯ ಮುಂದೆ ಬಂದು ಕೈಮುಗಿದಳು.

"ಕೊಂಬಣ್ಣನವರ ಮಾತೇ ಸರಿ, ದೊರೆಯೇ. ಕೊನೆಗೆ ಮೈದಾನದಲ್ಲಿದ್ದವರದೇ ಸೋಲು, ಅವರದೇ ಗೆಲುವು. ಕೊನೆಗಿದ್ದು ಸೋತವರು ರಾಜ್ಯ ಬಿಟ್ಟು ಹೋಗಲಿ, ಡಂಗುರ ಹೊಡೆಸಿ. ಮೊದಲು ನಾವು ಇಳಿದು ಧೂಳು ಕುಡೀತೀವಿ. ಕೊನೆಯ ಕೀರ್ತಿ ಹಿರಿಯರಿಗಿರಲಿ."

ಕೀರ್ತಿ ಅಂದ ಕೂಡಲೇ ಕೊಂಬಣ್ಣನ ಬಾಲ ಕುಣಿಯಿತು. ಒಪ್ಪಿಬಿಟ್ಟ. ದೊರೆ ತೂಕಡಿಸುತ್ತಲೇ ಡಂಗುರ ಹೊಡೆಸಿದ.

ಹೊಸಬರು ಇಳಿದರು. ಎಡವಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಒಂದು ಗೋಲನ್ನೂ ಬಿಟ್ಟರು. ಆಮೇಲೆ ಕತ್ತೆಗಳು ಒದೆಯುವ ಮುಂಚೆ ಬೆನ್ನು ತಿರುಗಿಸುತ್ತವೆ ಅನ್ನೋದನ್ನ ಕಂಡುಕೊಂಡರು. ಬೆನ್ನು ತಿರುಗಿದಾಗಲೆಲ್ಲ ಚೆಂಡು ಕಸಿದು ಎರಡು ಗೋಲು ಹೊಡೆದರು.

ಗೆಲುವಿನ ವಾಸನೆ ಬಡಿದದ್ದೇ ಕೊಂಬಣ್ಣ ಓಡಿ ಬಂದ. "ಸಾಕು, ಹೊರಗೆ ನಡೀರಿ." ಹೊಸಬರು ಹೊರಗೆ ಬಂದರು. ಹಳಬರು ಎರಡು ಸುತ್ತು ಓಡಿ ಏದುಸಿರು ಬಿಟ್ಟರು. ಕತ್ತೆಗಳು ಗೋಲು ಸಮ ಮಾಡಿದವು.

ಕೊಂಬಣ್ಣನ ಕಣ್ಣಮುಂದೆ ರಾಜ್ಯದ ಗಡಿ ಕಂಡಿತು. "ಚುರುಕೀ, ಬಾರಮ್ಮಾ, ಅವಕಾಶ ಕೊಡ್ತೀನಿ."

"ನಮಗೆ ಅನುಭವ ಸಾಲದಲ್ಲಾ, ಅಣ್ಣಾ."

"ಬೇಕಾದಷ್ಟಿದೆ ತಾಯಿ. ನನಗಿಂತ ಹೆಚ್ಚಿದೆ."

ಕೊಂಬಣ್ಣನ ಆ ಕೂಗಿಗೆ ದೊರೆಗೇ ಎಚ್ಚರವಾಯಿತು. ಸೂರ್ಯ ಇನ್ನೂ ಗುಡ್ಡದಿಂದ ಮೇಲಿದ್ದ. ಈ ಸಲ ಆಡಲು ಹೊತ್ತಿತ್ತು. ಚುರುಕಿ ತನ್ನವರೊಂದಿಗೆ ಇಳಿದು ಇನ್ನೊಂದು ಗೋಲು ಹೊಡೆದಳು. ಕಹಳೆ ಮೊಳಗಿತು. ಹುಲ್ಲು ಉಳಿಯಿತು.

"ಗೆದ್ದೆವು ದೊರೆಯೇ" ಅಂತ ಕೊಂಬಣ್ಣ ಹಲ್ಲು ಕಿರಿದ.

"ಕೊನೆಗೆ ಮೈದಾನದಲ್ಲಿ ಇದ್ದವರು ಗೆದ್ದರು" ಅಂದ ನೊಗಪ್ಪ. "ನೀನು ಬೇಲಿ ಪಕ್ಕ ಇದ್ದೆ. ಅಲ್ಲೇ ಇರು. ಕೂತು ಕಾಯುವ ಅನುಭವ ನಿನಗೆ ಸಾಲದು."

ನೀತಿ ಇಷ್ಟೇ ಮಕ್ಕಳೇ: ಹೊಸಬರನ್ನು ಇಳಿಸುವುದಾದರೆ ಆಟ ಇನ್ನೂ ಉಳಿದಿರುವಾಗ ಇಳಿಸಿ. ಸೋತ ಮೇಲೆ ಕೊಡುವುದು ಅವಕಾಶವಲ್ಲ, ಅಪವಾದ.